ಕೊಯ್ದಷ್ಟೂ ದೊಡ್ಡದಾಗೂ ಹುಣ್ಣು: ರವಿವಾರದ ಪ್ರಶ್ನೋತ್ತರ

ಅಡ್ಮಿನ್: ಈ ರವಿವಾರ ವಿಜಯಪುರದ ಚರ್ಮರೋಗ ಡಾಕ್ಟರ್ ಮೇಡಂ ಉತ್ತರಾ ಕೊಡ್ತಾರ. ವಿಷಯ: ಲಗೂ ಮಾಯದ ಹುಣ್ಣು, ಅದರಾಗೂ ಪಯೋಡರ್ಮಾ ಗ್ಯಾಂಗ್ರಿನೋಸಮ್. ನಿಯಮ ಹಳೇವ. ರೋಗಿ ಹೆಸರು ಬರೀಬ್ಯಾಡ್ರಿ, ಮುಖದ ಫೋಟೋ ಬ್ಯಾಡ, ಫಾರ್ವರ್ಡ್ ಬ್ಯಾಡ. ಇಲ್ಲಿ ಓದಿದ್ದನ್ನ ತಪಾಸಣಿ ಅಂತ ತಿಳಕೋಬ್ಯಾಡ್ರಿ.

ಜಮಖಂಡಿ: ಮೇಡಂ ನಮಸ್ಕಾರ್ರಿ. ನಮ್ಮ ಅಕ್ಕನ ಸಲುವಾಗಿ ಕೇಳಾಕತ್ತೀನಿ, ವಯಸ್ಸು 38. ಕಬ್ಬಿನ ರವದಿ ಗೀರಿ ಎಡಗಾಲ ಕಣಕಾಲಿಗೆ ಸಣ್ಣ ಗುಳ್ಳಿ ಎದ್ದಿತ್ತು, ನಾಕು ದಿನಕ್ಕ ಒಡದು ಹುಣ್ಣಾತು. ಊರಾಗ ಕ್ಲೀನ್ ಮಾಡಿದ್ರು, ಅಂಗೈಯಷ್ಟಾತು. ಆಮ್ಯಾಲ ದೊಡ್ಡ ದವಾಖಾನ್ಯಾಗ ಸತ್ತ ಮಾಂಸ ಅಂತ ತಗದ್ರು, ವಾರದಾಗ ಅದರ ಎರಡಷ್ಟಾತು. ಈಗ ಇನ್ನೊಮ್ಮೆ ತಗದು ತೊಡಿ ಚರ್ಮ ಹಚ್ಚತೀವಿ ಅಂತಾರ. ಕಲ್ಚರ್ (ರೋಗಾಣು ಬೆಳಸಿ ನೋಡೂ ತಪಾಸಣಿ) ಎರಡು ಸಲ ಆಗೈತಿ, ಏನೂ ಬೆಳದಿಲ್ಲ. ಶುಗರ್ ಇಲ್ಲ. ಅಂಚು ನೇರಳಿ ಬಣ್ಣ ಐತಿ, ಮುಟ್ಟಿದ್ರ ಚೀರತಾಳ. ಮತ್ತೊಂದು, ಸಂಬಂಧ ಐತೋ ಇಲ್ಲೋ ಗೊತ್ತಿಲ್ಲ: ವರ್ಷದಿಂದ ಸಂಡಾಸಿನ್ಯಾಗ ರಕ್ತ ಹೋಗತೈತಿ, ಮೂಲವ್ಯಾಧಿ ಅಂತ ಔಷಧಿ ನಡದೈತಿ.

ಡಾಕ್ಟರ್: ಸಂಬಂಧ ಇರಬಹುದು. ನೀವು ಕಡೀಕೆ ಬರದದ್ದನ್ನ ಮೊದಲು ಬರೀಬೇಕಿತ್ತು.

ಗ್ರೂಪಿನ್ಯಾಗ ಓದಿ ರೋಗ ಹೇಳಬಾರದು, ಹೇಳೂದಿಲ್ಲ. ಆದ್ರ ಸಣ್ಣ ಗೀರಿಗೆ ಗುಳ್ಳಿ ಎದ್ದು ದಿನಾನುದಿನ ಹರಡಿದ್ದು, ಕೊಯ್ದ ಪ್ರತಿ ಸಲ ದೊಡ್ಡದಾಗಿದ್ದು, ಕಲ್ಚರ್ ಖಾಲಿ ಬಂದದ್ದು, ಗಾತ್ರಕ್ಕ ಮೀರಿದ ನೋವು, ಜೋಡಿಗೆ ರಕ್ತ ಬೀಳೂ ಸಂಡಾಸ. ಇವಿಷ್ಟು ಕೂಡಿದ್ರ ಪಯೋಡರ್ಮಾ ಗ್ಯಾಂಗ್ರಿನೋಸಮ್ ಇರಬಹುದೇನು ಅಂತ ಯಾರಾದ್ರೂ ಕೇಳಲೇಬೇಕು. ಇದು ಸೋಂಕಲ್ಲ. ನಮ್ಮವೇ ಬಿಳಿ ರಕ್ತಕಣ, ನ್ಯೂಟ್ರೋಫಿಲ್ ಅನ್ನೂವು, ಹೊಡದಾಡಾಕ ವೈರಿ ಇಲ್ಲದಾಗೂ ಚರ್ಮದಾಗ ಗುಂಪುಗೂಡಿ ಅದನ್ನ ಕರಗಸತಾವ. ಕೆಲವರಿಗೆ ಎಲ್ಲಿ ಪೆಟ್ಟು ಬೀಳತದೋ ಅಲ್ಲಿ ಇನ್ನಷ್ಟು ಬಂದು ಸೇರತಾವ. ಇದಕ್ಕ ಪ್ಯಾಥರ್ಜಿ ಅಂತೀವಿ. ಎಲ್ಲಾ ರೋಗಿಗೂ ಇರೂದಿಲ್ಲ, ಮೂರು-ನಾಕು ಮಂದ್ಯಾಗ ಒಬ್ಬರಿಗೆ ಇರತದ. ಇದ್ದವರಿಗೆ ಕತ್ತರಿ ಅಂದ್ರ ಬೆಂಕಿಗೆ ಎಣ್ಣಿ ಸುರದಂಗ. ಚರ್ಮ ತಗದ ತೊಡಿ ಜಾಗದಾಗೂ ಹೊಸ ಹುಣ್ಣು ಏಳಬಹುದು. ಅದಕ್ಕ ಉರಿಯೂತ ಹಿಡಿತಕ್ಕ ಬರೂಮಟ ಚರ್ಮ ಹಚ್ಚೂದನ್ನ ಮುಂದ ಹಾಕ್ರಿ ಅಂತ ನಾಳೆ ಸರ್ಜನ್ ಹತ್ರ ಕೇಳ್ರಿ. ಜಗಳಾ ತಗೀಬ್ಯಾಡ್ರಿ. "ಕೊಯ್ಯೂಕಿಂತ ಮೊದಲ ಚರ್ಮರೋಗದವರಿಗೆ ಒಮ್ಮೆ ತೋರಸೋಣ್ರಿ ಸರ್" ಅನ್ರಿ, ಸಾಕು.

ಅಂಚು ಹೆಂಗ ನೋಡಬೇಕು ಅಂದ್ರ: ಬಣ್ಣ ನೇರಳಿ, ತುಸು ಉಬ್ಬಿರತದ, ಅದರ ಹೊರಗ ಕೆಂಪು ಬಳಿ. ಸಲಾಯಿನ್ ಹನಿಸಿದ್ರ ಅಂಚಿನ ಕೆಳಗ ಹರದು ಒಳಗ ಹೋಗತದ, ಅಂದ್ರ ಚರ್ಮದ ಅಡಿಗೆ ಪೊಳ್ಳು ಅದ.

ಬಯಾಪ್ಸಿ, ಅಂದ್ರ ತುಣುಕು ತಗದು ನೋಡೂದು, ಬೇಕು. ಪ್ಯಾಥರ್ಜಿ ಅಂಜಿಕಿಗೆ ಬಯಾಪ್ಸಿ ಬಿಡೂದು ತಪ್ಪು, ಯಾಕಂದ್ರ ಕ್ಷಯ, ಶಿಲೀಂಧ್ರ, ರಕ್ತನಾಳದ ಉರಿಯೂತ, ಕ್ಯಾನ್ಸರ್ ಎಲ್ಲಾ ಹಿಂಗ ವೇಷ ಹಾಕತಾವ. ತುಣುಕು ಹುಣ್ಣಿನ ನಟ್ಟನಡುವಿಂದ ಬ್ಯಾಡ, ಅಲ್ಲಿ ರಸಿಗಿ ಬಿಟ್ಟು ಏನೂ ಸಿಗೂದಿಲ್ಲ. ಅಂಚಿನಿಂದ, ಅರ್ಧ ಹುಣ್ಣು ಅರ್ಧ ಚಲೋ ಚರ್ಮ ಬರೂಹಂಗ, ಕೊಬ್ಬಿನ ಪದರಿನ ತನಕ ಆಳವಾಗಿ ತಗೀಬೇಕು. ಬಾಟಲಿ ಎರಡು. ಒಂದರಾಗ ಫಾರ್ಮಲಿನ್, ಸೂಕ್ಷ್ಮದರ್ಶಕಕ್ಕ. ಇನ್ನೊಂದರಾಗ ಬರೇ ಸ್ಟೆರೈಲ್ ಸಲಾಯಿನ್, ಬ್ಯಾಕ್ಟೀರಿಯಾ, ಫಂಗಸ್, ಟಿಬಿ ಕಲ್ಚರ್‌ಗೆ. ಎರಡೂ ತುಣುಕು ಫಾರ್ಮಲಿನ್‌ಗೆ ಹಾಕಿದ್ರ ರೋಗಾಣು ಅಲ್ಲೇ ಸಾಯತಾವ, ಆಮ್ಯಾಲ "ಏನೂ ಬೆಳದಿಲ್ಲ" ಅನ್ನೂ ರಿಪೋರ್ಟಿಗೆ ಕಿಮ್ಮತ್ತಿಲ್ಲ. ನಿಮ್ಮ ಆ ಎರಡು ಕಲ್ಚರ್ ಮ್ಯಾಲಿನ ರಸಿಗಿ ಒರಸಿ ಮಾಡಿದ್ದೋ, ತುಣುಕಿನಿಂದ ಮಾಡಿದ್ದೋ, ಕೇಳಿ ತಿಳಸ್ರಿ.

ಇನ್ನು ಹೊಟ್ಟಿ. ಒಳಗ ನೋಡದ ವರ್ಷಗಟ್ಟಲೆ ಮೂಲವ್ಯಾಧಿ ಅಂತ ಔಷಧಿ ಕೊಡೂದು ನಮ್ಮ ಕಡೆ ದೊಡ್ಡ ರೂಢಿ. ಈ ರೋಗದವರ ಪೈಕಿ ಸುಮಾರು ಅರ್ಧ ಮಂದಿಗೆ ಒಳಗ ಇನ್ನೊಂದು ರೋಗ ಇರತದ: ಕರುಳಿನ ಉರಿಯೂತ (ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್), ಸಂಧಿವಾತ, ಇಲ್ಲಾಂದ್ರ ರಕ್ತದ ರೋಗ. ಅಕ್ಕಗ ಕೊಲೊನೋಸ್ಕೋಪಿ (ಕ್ಯಾಮೆರಾ ಹಾಕಿ ಕರುಳು ನೋಡೂದು) ಆಗಬೇಕು, ಸಣ್ಣ ಕರುಳಿನ ತುದಿ ತನಕ, ಅಲ್ಲಿಂದನೂ ತುಣುಕು ತಗೀಬೇಕು. ಅದಕ್ಕಿಂತ ಮೊದಲು ಸಂಡಾಸಿನ ತಪಾಸಣಿ. ಸ್ಯಾಂಪಲ್ ಬಿಸಿ ಇದ್ದಾಗ, ಅರ್ಧ ತಾಸಿನೊಳಗ ಲ್ಯಾಬಿಗೆ ಮುಟ್ಟಬೇಕು, ಅಂದ್ರನ ಅಮೀಬಾ ಹರದಾಡೂದು ಕಾಣತದ. ಇದ್ಯಾಕ ಇಷ್ಟು ಒತ್ತಿ ಹೇಳತೀನಿ ಅಂದ್ರ, ಅಮೀಬಾ ಕರುಳಿನ ಹುಣ್ಣಿಗೂ ರಕ್ತ ಬೀಳತದ, ಅದನ್ನ ಕೊಲೈಟಿಸ್ ಅಂತ ತಿಳದು ಸ್ಟೀರಾಯ್ಡ್ ಕೊಟ್ರ ಕರುಳು ತೂತು ಬೀಳಬಹುದು. ಕರುಳಿನ ಕ್ಷಯನೂ ಕ್ರೋನ್ಸ್‌ನಂಗ ಕಾಣತದ.

ರಕ್ತ: ಸಿಬಿಸಿ (ರಕ್ತಕಣ ಎಣಿಸೂದು) ಜೋಡಿ ಸ್ಮಿಯರ್ (ಕಣದ ಆಕಾರ ನೋಡೂದು), ಉರಿಯೂತ ನೋಡಾಕ ಇಎಸ್ಆರ್, ಸಿಆರ್‌ಪಿ, ಲಿವರ್, ಕಿಡ್ನಿ, ಎಚ್‌ಬಿಎ1ಸಿ, ಸಂಧಿವಾತಕ್ಕ ರುಮಟಾಯ್ಡ್ ಫ್ಯಾಕ್ಟರ್, ರಕ್ತನಾಳದ ಉರಿಯೂತಕ್ಕ ಎಎನ್‌ಸಿಎ, ರಕ್ತ ಹೆಪ್ಪುಗಟ್ಟೂ ತೊಂದ್ರಿಗೆ ಫಾಸ್ಫೋಲಿಪಿಡ್ ಆಂಟಿಬಾಡಿ, ರಕ್ತದ ರೋಗಕ್ಕ ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್. ಎಚ್ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಎದಿ ಎಕ್ಸರೇ, ಟಿಬಿ ತಪಾಸಣಿ ಇವು ಮುಂದ ಕೊಡೂ ಔಷಧದ ಸಲುವಾಗಿ. ಕಾಲಿನ ರಕ್ತ ಹರದಾಟ ನೋಡೂ ಡಾಪ್ಲರ್ ಒಂದು.

ನೋವಿಗೆ ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್ ನಡದಿದ್ರ ಇವತ್ತ ಬಂದ್ ಮಾಡಿಸ್ರಿ, ಕರುಳಿನ ಉರಿಯೂತ ಕೆರಳಸತಾವ. ಲಿವರ್ ಚಲೋ ಇದ್ರ ಪ್ಯಾರಾಸಿಟಮಾಲ್ 650 ದಿನಕ್ಕ ಮೂರು ಸಲ. ಸಾಕಾಗದಿದ್ರ ಬ್ಯಾರೆ ಔಷಧ ಅವರೇ ಬರದು ಕೊಡ್ತಾರ.

ಬಾದಾಮಿ: ಮೇಡಂ ಇದು ಅಂಟತೈತೇನ್ರಿ? ಮನ್ಯಾಗ ಸಣ್ಣ ಹುಡುಗ್ರು ಅದಾವ.

ಡಾಕ್ಟರ್: ಇಲ್ಲ.

ಇಂಡಿ: ನಮ್ಮ ತಂದೆಯವರಿಗೆ ಪಾದದಡಿ ಹುಣ್ಣು ಅದರಿ, ಎಂಟು ತಿಂಗಳಾತು. ನೋವು ಇಲ್ಲ, ನಡಕೋಂತ ಹೊಲಕ್ಕ ಹೋಗತಾರ. ಇದೇ ಇರಬಹುದೇನ್ರಿ?

ಡಾಕ್ಟರ್: ನೋವಿಲ್ಲದ ಪಾದದಡಿ ಹುಣ್ಣು ಇದಲ್ಲ. ಶುಗರ್ ಇರಬಹುದು, ಇಲ್ಲಾ ಕುಷ್ಠ ಇರಬಹುದು, ಎರಡರಾಗೂ ನರ ಸತ್ತಿರತದ. ಸ್ಪರ್ಶ ಪರೀಕ್ಷೆ ಮಾಡಿಸ್ರಿ. ಕುಷ್ಠ ಆಗಿದ್ರ ಎಂಡಿಟಿ ಗುಳಿಗಿ ಸರಕಾರಿ ದವಾಖಾನ್ಯಾಗ ಪುಕ್ಕಟೆ. ಹೊಲಕ್ಕ ನಡದು ಹೋಗೂದು ಇವತ್ತಿಗೆ ನಿಲ್ಲಲಿ.

ಮುದ್ದೇಬಿಹಾಳ: ಎಲ್ಲಾರಿಗೂ ಉಪಯೋಗ ಆಗಲಿ ಅಂತ ಹಾಕೀನಿ: *ಎಕ್ಕಿ ಹಾಲು 10 ಹನಿ, ತಿನ್ನೂ ಸುಣ್ಣ ಕಡ್ಲಿಬ್ಯಾಳಿಯಷ್ಟು, ಅರಿಶಿಣ ಒಂದು ಚಮಚ. ಕಲಸಿ ಮುಂಜಾನೆ ಸಂಜಿ ಹಚ್ಚರಿ. ಎಂಥಾ ಗ್ಯಾಂಗ್ರಿನ್ ಇದ್ರೂ 7 ದಿನದಾಗ ಮಾಯ. ಹತ್ತು ಮಂದಿಗೆ ಕಳಸ್ರಿ.*

ಡಾಕ್ಟರ್: ಹಚ್ಚಬ್ಯಾಡ್ರಿ. ಎಕ್ಕಿ ಹಾಲು ಚಲೋ ಚರ್ಮಾನೇ ಸುಟ್ಟು ಗುಳ್ಳಿ ಎಬ್ಬಸತದ, ಅದ ಕೈಲಿ ಕಣ್ಣು ಒರಸಿಕೊಂಡ್ರ ಕಣ್ಣಿನ ಕರಿಗುಡ್ಡಿಗೆ ಪೆಟ್ಟು. ಸುಣ್ಣ ಕ್ಷಾರ, ಮಾಂಸದಾಗ ಇಳಕೋಂತ ಹೋಗತದ. ಮ್ಯಾಲ ಪ್ಯಾಥರ್ಜಿ ಅಂತ ಬರದೀನಿ. ಆ ರೋಗಿಗೆ ಸುಟ್ಟ ಗಾಯನೂ ಒಂದ, ಕೊಯ್ದ ಗಾಯನೂ ಒಂದ.

ಮುಧೋಳ: ರಿಪೋರ್ಟಿನ್ಯಾಗ ಗ್ಯಾಂಗ್ರಿನೋಸಮ್ ಅಂತ ಬರದಾರ. ಕಾಲು ತಗೀಬೇಕಾಗತೈತೇನ್ರಿ ಮೇಡಂ?

ಡಾಕ್ಟರ್: ಗ್ಯಾಂಗ್ರಿನ್ ಅಲ್ಲ. ಕಾಲು ತಗಿಯೂ ರೋಗ ಅಲ್ಲ.

ಸ್ಟಾಫ್ ನರ್ಸ್, ಅಥಣಿ: ಮೇಡಂ, ಡ್ರೆಸ್ಸಿಂಗ್ ಬಗ್ಗೆ ಬರೀರಿ. ನಮ್ಮಲ್ಲಿ ಮೊದ್ಲ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ನೊರಿ ಬರಿಸಿ, ಆಮ್ಯಾಲ ಬೀಟಾಡಿನ್ ಗಾಜ್ (ಜಾಳಿಗಿ ಬಟ್ಟಿ) ತುಂಬೂದು ಪದ್ಧತಿ.

ಡಾಕ್ಟರ್: ಈ ರೋಗಕ್ಕ ಎರಡೂ ಬ್ಯಾಡ. ಪೆರಾಕ್ಸೈಡ್ ನೊರಿ ಬರೂದು ಸ್ವಚ್ಛ ಆತು ಅಂತಲ್ಲ, ಹೊಸದಾಗಿ ಹುಟ್ಟೂ ಜೀವಕೋಶನೂ ಸುಡತದ. ಅಂಗಡ್ಯಾಗಿನ 0.9ರ ನಾರ್ಮಲ್ ಸಲಾಯಿನ್ ಸಾಕು. ತಗದ ಬಾಟಲಿ 24 ತಾಸಿಗೆ ಚೆಲ್ಲಬೇಕು, ನಾಕು ದಿನ ಅದನ್ನ ಬಳಸೂದಲ್ಲ.

ಹಳೇ ಪಟ್ಟಿ ಬಿಚ್ಚೂದ್ರಾಗ ಎಲ್ಲಾರೂ ತಪ್ಪತಾರ. ಒಣಗಿ ಅಂಟಿದ ಗಾಜ್ ಬಟ್ಟಿ ಜಗ್ಗಿದ್ರ ಅಂಚು ಹರೀತದ, ಅದೂ ಪೆಟ್ಟ. ಸಲಾಯಿನ್ ಸುರದು ಹತ್ತು ನಿಮಿಷ ಬಿಡ್ರಿ, ತಾನ ಎದ್ದು ಬರಬೇಕು. ಬಂದಿಲ್ಲಂದ್ರ ಇನ್ನೊಮ್ಮೆ ಸುರೀರಿ. ತೊಳದ ಮ್ಯಾಲ ತಿಕ್ಕೂದು ಬ್ಯಾಡ, ಹಳದಿ ಪದರು ಕೆರದು ತಗಿಯೂದು ಬ್ಯಾಡ, ತಾನ ಸಡಲಾದದ್ದಷ್ಟ ತಗೀರಿ. ಮ್ಯಾಲ ಪ್ಯಾರಾಫಿನ್ ಗಾಜ್ ಬಟ್ಟಿ, ಅದರ ಮ್ಯಾಲ ರಸಿಗಿ ಹೀರೂ ಪ್ಯಾಡ್ ಇಲ್ಲಾ ಫೋಮ್, ಆಮ್ಯಾಲ ಸಡಲ ರೋಲರ್ ಪಟ್ಟಿ. ಚರ್ಮಕ್ಕ ಅಂಟೂ ಪ್ಲಾಸ್ಟರ್ ಹಚ್ಚಬ್ಯಾಡ್ರಿ, ಗಂಟು ಪಟ್ಟಿ ಮ್ಯಾಲ ಹಾಕ್ರಿ. ರಸಿಗಿ ಕಡಿಮಿ ಇದ್ರ ದಿನಾ ಬಿಚ್ಚೂದು ಬೇಕಿಲ್ಲ, ಎರಡು ದಿನಕ್ಕೊಮ್ಮೆ ಆದ್ರೂ ನಡೀತದ. ಕಾಲು ಬಾತಿದ್ರ ಕ್ರೇಪ್ ಬ್ಯಾಂಡೇಜ್ ಒತ್ತಿ ಕಟ್ಟಿದ್ರ ಲಾಭ ಅದ, ಆದ್ರ ಡಾಪ್ಲರ್ ಆಗಿ ರಕ್ತ ಹರದಾಟ ಚಲೋ ಅದ ಅಂತ ಗೊತ್ತಾದ ಮ್ಯಾಲ.

ವಾರಕ್ಕೊಮ್ಮೆ ಅದ ದಿನ, ಅದ ಬೆಳಕಿನ್ಯಾಗ, ಬಾಜೂಕ ಸ್ಕೇಲ್ ಇಟ್ಟು ಫೋಟೋ ತಗೀರಿ. ಉದ್ದ, ಅಗಲ ಬರದಿಡ್ರಿ. "ತುಸು ಚಲೋ ಕಾಣತದ" ಅನ್ನೂದ್ರಿಂದ ಔಷಧ ಏರಸೂದು ಇಳಸೂದು ಆಗೂದಿಲ್ಲ. ಔಷಧ ಹಿಡದದ್ದು ಹೆಂಗ ಗೊತ್ತಾಗತದ ಅಂದ್ರ ಮೊದಲು ನೋವು ಇಳೀತದ, ಆಮ್ಯಾಲ ಅಂಚಿನ ನೇರಳಿ ಬಣ್ಣ ಮಸಕಾಗಿ ಉಬ್ಬು ಕೂಡತದ, ಆಮ್ಯಾಲ ಅಂಚಿನಿಂದ ಹುಣ್ಣಿನ ಕಡೆ ದಾರದಂಥ ಸಣ್ಣ ಸಣ್ಣ ಚರ್ಮದ ಎಳಿ ಚಾಚತಾವ. ಆ ಎಳಿ ಕಂಡ ಮ್ಯಾಲ ಗಾಜ್ ಬಟ್ಟಿ ಜಗ್ಗೂವರ ಕೈ ಹಿಡದು ನಿಲ್ಲಸ್ರಿ.

ಸ್ಟಾಫ್ ನರ್ಸ್, ಅಥಣಿ: ಬೀಟಾಡಿನ್ ನಿಲ್ಲಸಿದ್ರ ಕೀವು ತುಂಬತದಂತ ನಮ್ಮ ಸರ್ ಬೈತಾರ್ರಿ.

ಡಾಕ್ಟರ್: ಸೋಂಕು ಕೂಡಿದ್ರ ಅದಕ್ಕ ಕಲ್ಚರ್ ನೋಡಿ ಆಂಟಿಬಯಾಟಿಕ್ ಕೊಡೂದು. ಕೀವು ಕಂಡದ್ದೆಲ್ಲಾ ಸೋಂಕಲ್ಲ. ನಿಮ್ಮ ಸರ್‌ಗೆ ಈ ಮೆಸೇಜ್ ತೋರಸ್ರಿ.

ಬೀಳಗಿ: ಮೇಡಂ ಅಂಟು ರೋಗ ಏನ್ರಿ ಇದು?

ಡಾಕ್ಟರ್: ಮ್ಯಾಲ ನೋಡ್ರಿ.

ಮೆಡಿಕಲ್ ಅಂಗಡಿ, ಗೋಕಾಕ: ಮೇಡಂ ಇದಕ್ಕ ಪ್ರೆಡ್ನಿಸೋಲೋನ್ (ಸ್ಟೀರಾಯ್ಡ್ ಗುಳಿಗಿ) ಅಲ್ಲೇನ್ರಿ ಕೊಡೂದು? ಡೋಸ್ ಎಷ್ಟು?

ಡಾಕ್ಟರ್: ಪೂರಾ ತಪಾಸಣಿ ಆದ ಮ್ಯಾಲ ದೇಹದ ತೂಕಕ್ಕ ತಕ್ಕಂಗ. ಕಿಲೋಕ್ಕ 0.5ರಿಂದ 1 ಮಿಲಿಗ್ರಾಂ, ಮುಂಜಾನೆ ಊಟ ಆದ ಮ್ಯಾಲ ಒಂದ ಸಲ. ಅದರ ಬದಲಿಗೆ ಸೈಕ್ಲೋಸ್ಪೋರಿನ್ (ರೋಗನಿರೋಧಕ ಶಕ್ತಿ ತಗ್ಗಸೂ ಔಷಧ), ಕಿಲೋಕ್ಕ 3ರಿಂದ 5, ಎರಡು ಪಾಲು ಮಾಡಿ. ಬ್ರಿಟನ್ನಿನ್ಯಾಗ ಎರಡನ್ನೂ ಎದುರಾಬದುರು ಇಟ್ಟು ನೋಡ್ಯಾರ, 2015ರಾಗ ಫಲಿತಾಂಶ ಬಂತು: ಪ್ರೆಡ್ನಿಸೋಲೋನ್ 0.75, ಸೈಕ್ಲೋಸ್ಪೋರಿನ್ 4. ಆರು ತಿಂಗಳಿಗೆ ಎರಡೂ ಕಡೆ ಮಾಯ್ದವರು 100ಕ್ಕ 47. ಅಂದ್ರ ಎರಡರಾಗ ಯಾವುದು ಅನ್ನೂದನ್ನ ರೋಗಿ ನೋಡಿ ಆರಸಬೇಕು. ಶುಗರ್ ಇದ್ದವರಿಗೆ, ಎಲುಬು ಸವದವರಿಗೆ ಸ್ಟೀರಾಯ್ಡ್ ಕಷ್ಟ. ಬಿಪಿ, ಕಿಡ್ನಿ ತೊಂದ್ರಿ ಇದ್ದವರಿಗೆ ಸೈಕ್ಲೋಸ್ಪೋರಿನ್ ಕಷ್ಟ, ಎರಡು ವಾರಕ್ಕೊಮ್ಮೆ ಬಿಪಿ ಮತ್ತು ಕ್ರಿಯಾಟಿನಿನ್ ನೋಡಬೇಕು. ಅದು ನಡದಾಗ ನಿಮ್ಮ ಅಂಗಡ್ಯಾಗಿಂದ ಕ್ಲಾರಿಥ್ರೋಮೈಸಿನ್, ಫ್ಲುಕೊನಜೋಲ್ ಕೈಗೆ ಕೊಟ್ರ ರಕ್ತದಾಗ ಅದರ ಮಟ್ಟ ಏರಿ ಕಿಡ್ನಿಗೆ ಕುತ್ತು. ಸಣ್ಣ ಹುಣ್ಣು ಇದ್ರ ಮೊದಲು ಮ್ಯಾಲ ಹಚ್ಚೂ ಕ್ಲೊಬೆಟಸಾಲ್ 0.05, ಟ್ಯಾಕ್ರೊಲಿಮಸ್ 0.1 ಮುಲಾಮಿನಿಂದನೂ ಕೆಲಸ ಆಗಬಹುದು. ಕರುಳಿನ ಉರಿಯೂತ ಜೋಡಿಗಿದ್ರ ಇನ್‌ಫ್ಲಿಕ್ಸಿಮ್ಯಾಬ್ ಎರಡಕ್ಕೂ ನಾಟತದ, ಆದ್ರ ಟಿಬಿ ತಪಾಸಣಿ ಆಗದ ಅದರ ಹೆಸರೂ ತಗೀಬಾರದು.

ಡೋಸ್ ಬರದದ್ದು ಚೀಟಿ ಅಲ್ಲ. ಚೀಟಿ ಇಲ್ಲದ ಕೊಟ್ರ ನಿಮ್ಮದ ತಪ್ಪು.

ಸವದತ್ತಿ: ಸ್ಟೀರಾಯ್ಡ್ ಅಂದ್ರ ವಿಷ ಮೇಡಂ. ಮಾರಿ ಬಾತು ಚಂದ್ರನಂಗ ಆಗತೈತಿ, ಎಲುಬು ಪುಡಿ ಆಗತಾವ. ಜನರಿಗೆ ಹಿಂತಾದ್ದು ಹೇಳಬಾರದು.

ಮೆಡಿಕಲ್ ಅಂಗಡಿ, ಗೋಕಾಕ: ಅಣ್ಣಾರ, ಎಕ್ಕಿ ಹಾಲು ಅಮೃತ ಅಂತೀರೇನು ಹಂಗಾದ್ರ?

ಮುದ್ದೇಬಿಹಾಳ: ನಮ್ಮ ಹಿರ್ಯಾರು ಹಚಕೊಂಡಾರ, ಬದಕ್ಯಾರ. ಈ ರೋಗ ಆಗ ಇರಲೇ ಇಲ್ಲ. ಯೂರಿಯಾ ಹಾಕಿದ ಜ್ವಾಳ ತಿಂದು ಬಂದಾವ ಇವೆಲ್ಲಾ.

ಚಿಕ್ಕೋಡಿ, ಶಿಕ್ಷಕಿ: ಇರಲಿಲ್ಲ ಅಂತ ಹೆಂಗ ಹೇಳತೀರಿ? ಅಮೆರಿಕದ ಮೇಯೋ ಕ್ಲಿನಿಕ್ಕಿನ್ಯಾಗ ಈ ಹೆಸರು ಇಟ್ಟದ್ದು 1930ರಾಗ. ಆವತ್ತು ಬರದ ಐದು ರೋಗಿಗಳಾಗ ನಾಕು ಮಂದಿಗೆ ಕರುಳಿನ ಕೊಲೈಟಿಸ್ ಇತ್ತು. ನಮ್ಮ ಹೊಲಕ್ಕ ಯೂರಿಯಾ ಚೀಲ ಬರೂಕಿಂತ ಎಷ್ಟೋ ಮೊದಲ.

ಮುದ್ದೇಬಿಹಾಳ: ಅಮೆರಿಕದವರದ್ದು ಅಮೆರಿಕದಾಗ ಇರಲಿ ಅಕ್ಕಾರ.

ಹುನಗುಂದ: ಮೇಡಂ, ನಮ್ಮ ಕಾಕಾಗ 67 ವರ್ಷ. ಕೈ ಹಿಂಬದಿಗೆ ನೀಲಿ ಬಣ್ಣದ ದೊಡ್ಡ ಗುಳ್ಳಿ ಎದ್ದು ಒಡದಾವ, ಮ್ಯಾಲಮ್ಯಾಲ ಹುಣ್ಣು. ಎರಡು ತಿಂಗಳದಾಗ ಎರಡು ಸಲ ರಕ್ತ ಏರಿಸ್ಯಾರ. ಇದಕ್ಕ ಏನು ಮಾಡಬೇಕ್ರಿ?

ಸವದತ್ತಿ: ಮೇಡಂ ನನ್ನ ಪ್ರಶ್ನಿಗೆ ಉತ್ತರಾ ಕೊಡಲಿಲ್ಲ. ಕಂಪನಿ ಗುಳಿಗಿ ಮಾರಾಕ ಗ್ರೂಪ್ ಮಾಡೀರೇನು?

ಅಡ್ಮಿನ್: ಸವದತ್ತಿ ಅಣ್ಣಾರ, ಮಾತು ನೋಡಿ ಆಡ್ರಿ.

ಡಾಕ್ಟರ್: ಇದು ಪ್ರಶ್ನಿ ಅಲ್ಲ. ಆದ್ರೂ ಸ್ಟೀರಾಯ್ಡ್ ಮಾತು ಬಂದದ ಅಂತ ಬರೀತೀನಿ. ಮಾರಿ ಬಾಯೂದು, ಎಲುಬು ಸವಿಯೂದು ಖರೇ. ಅದಕ್ಕ ಕ್ಯಾಲ್ಸಿಯಂ, ವಿಟಮಿನ್ ಡಿ ಮೊದಲ ದಿನದಿಂದ ಜೋಡಿಗೆ ಕೊಡೂದು. ಶುಗರ್ ನೋಡೂದು ಹಸದ ಹೊಟ್ಟಿಯೊಳಗಲ್ಲ: ಮುಂಜಾನೆ ಗುಳಿಗಿ ತಗೊಂಡವರಿಗೆ ಶುಗರ್ ಏರೂದು ಮಧ್ಯಾಹ್ನ ಊಟದ ಮ್ಯಾಲ, ಸಂಜೀಕೆ. ಮುಂಜಾನೆ ರಿಪೋರ್ಟ್ ನಾರ್ಮಲ್ ಬಂದದ ಅಂತ ಕೂಡಬ್ಯಾಡ್ರಿ. ಹೊಟ್ಟ್ಯಾಗ ಸ್ಟ್ರಾಂಜಿಲಾಯ್ಡಿಸ್ ಅನ್ನೂ ಸಣ್ಣ ಹುಳ ಇದ್ರ ಸ್ಟೀರಾಯ್ಡ್‌ನಿಂದ ಅದು ಮೈತುಂಬ ಹರಡಬಹುದು. ಬರಿಗಾಲಿಂದ ಹೊಲಗೆಲಸ ಮಾಡೂ ಮಂದಿಗೆ ಇದನ್ನ ಕೇಳಿ, ಬೇಕಾದ್ರ ಐವರ್ಮೆಕ್ಟಿನ್ ಕೊಟ್ಟು ಶುರು ಮಾಡೂದು ಚಲೋ.

ಇಷ್ಟೆಲ್ಲಾ ನೋಡಿಕೊಂಡು ಕೊಟ್ರ ಔಷಧ. ಅಂಗಡ್ಯಾಗಿಂದ ಒಯ್ದು ನುಂಗಿದ್ರ ನೀವು ಹೇಳಿದ್ದ ಖರೇ.

ತಾಳಿಕೋಟಿ: ನಮ್ಮ ತಮ್ಮಗ ಇದ ರೋಗ ಅಂತ ಹೇಳಿ ಪ್ರೆಡ್ನಿಸೋಲೋನ್ ನಡದಿತ್ರಿ. ಹುಣ್ಣು ಮಾಯಾಕತ್ತಿತು ಅಂತ ಮೊನ್ನಿಂದ ಅವನ ಬಿಟ್ಟಾನ. ಸುಸ್ತು ಭಾಳ ಐತಿ, ವಾಂತಿನೂ ಆಗೈತಿ.

ಡಾಕ್ಟರ್: ಎಷ್ಟು ದಿನ ತಗೊಂಡಿದ್ದ?

ತಾಳಿಕೋಟಿ: ಎರಡೂವರಿ ತಿಂಗಳ್ರಿ.

ಡಾಕ್ಟರ್: ಈಗಿಂದೀಗ ಹತ್ತಿರದ ದವಾಖಾನಿಗೆ ಕರಕೊಂಡು ಹೋಗ್ರಿ. ಮೂರು ವಾರಕ್ಕಿಂತ ಹೆಚ್ಚು ಸ್ಟೀರಾಯ್ಡ್ ತಗೊಂಡ್ರ ಮೈಯೊಳಗ ತಾನ ಹುಟ್ಟೂ ಸ್ಟೀರಾಯ್ಡ್ ನಿಂತಿರತದ, ಒಮ್ಮಿಂದೊಮ್ಮೆ ಬಿಟ್ರ ಬಿಪಿ ಬೀಳತದ. "ಪ್ರೆಡ್ನಿಸೋಲೋನ್ ಬಿಟ್ಟು ಎರಡು ದಿನ ಆತು" ಅನ್ನೂದು ಅಲ್ಲಿ ಹೋದಕೂಡ್ಲೆ ಮೊದಲ ಮಾತು ಆಗಬೇಕು. ಅವರು ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಮತ್ತು ಸಲಾಯಿನ್ ಕೊಡ್ತಾರ. ಇಲ್ಲಿ ಟೈಪ್ ಮಾಡಕೋಂತ ಕೂಡಬ್ಯಾಡ್ರಿ.

ಸಿಂದಗಿ: ಈ ಖರ್ಚು ಎಲ್ಲಾ ಆಯುಷ್ಮಾನ್ ಕಾರ್ಡಿನ್ಯಾಗ ಬರತದೇನ್ರಿ?

ಹುನಗುಂದ: ಮೇಡಂ ನಮ್ಮ ಕಾಕಾನ ಪ್ರಶ್ನಿ ಮ್ಯಾಲ ಐತ್ರಿ.

ಇಳಕಲ್ಲ: ಮಿರಜಕ್ಕ ಒಯ್ರಿ ಅಣ್ಣಾರ, ಇಲ್ಲಿ ಯಾರಿಗೂ ತಿಳಿಯೂದಿಲ್ಲ.

ಮೆಡಿಕಲ್ ಅಂಗಡಿ, ಗೋಕಾಕ: ಮಿರಜದಾಗ ದೇವರು ಕುಂತಾರೇನು? ಬೆಳಗಾವ್ಯಾಗ, ಬಾಗಲಕೋಟ್ಯಾಗ, ವಿಜಯಪುರದಾಗ ಮೆಡಿಕಲ್ ಕಾಲೇಜು ಅದಾವ. ಎಲ್ಲಾ ಕಡೆ ಸ್ಕಿನ್ ವಿಭಾಗ ಐತಿ, ಪ್ಯಾಥಾಲಜಿ ಐತಿ.

ಇಳಕಲ್ಲ: ನಾ ನಿಮಗ ಹೇಳಲಿಲ್ಲ. ನೀವು ಗುಳಿಗಿ ಮಾರ್ರಿ.

ಮೆಡಿಕಲ್ ಅಂಗಡಿ, ಗೋಕಾಕ: ನೀವು ಸೀರಿ ಮಾರ್ರಿ ಹಂಗಾದ್ರ, ದವಾಖಾನಿ ಸುದ್ದಿ ಯಾಕ?

ಅಡ್ಮಿನ್: ಇಬ್ಬರೂ ಬಿಡ್ರಿ. ಇದ ಕಡೀ ಸಲ.

ಸ್ಟಾಫ್ ನರ್ಸ್, ಅಥಣಿ: ಹುನಗುಂದದವರ, ಮೇಡಂ ಜಮಖಂಡಿಯವರಿಗೆ ಬರದದ್ರಾಗ ಸಿಬಿಸಿ, ಸ್ಮಿಯರ್ ಅದ ನೋಡ್ರಿ. ಕೈ ಮ್ಯಾಲ ನೀಲಿ ಗುಳ್ಳಿ, ರಕ್ತ ಕಡಿಮಿ ಎರಡೂ ಕೂಡಿದ್ರ ರಕ್ತರೋಗದವರ ಕಡೆ ತೋರಸ್ರಿ, ಎಲುಬಿನ ಮಜ್ಜಿ ತಪಾಸಣಿ ಬೇಕಾಗಬಹುದು. ತಡ ಮಾಡಬ್ಯಾಡ್ರಿ.

ಬೈಲಹೊಂಗಲ: ಮೇಡಂ ತುರ್ತು ಐತ್ರಿ. ತಮ್ಮನ ಹೆಂಡ್ತಿಗೆ ಸಿಜೇರಿಯನ್ ಆಗಿ ಇವತ್ತಿಗೆ 9 ದಿನ. 5ನೇ ದಿನ ಹೊಲಿಗಿ ಸುತ್ತ ಕೆಂಪಾತು, ಜ್ವರ 102. ಹೊಲಿಗಿ ಬಿಚ್ಚಿ ಸ್ವಚ್ಛ ಮಾಡಿದ್ರು, ಮರುದಿನ ಗಾಯ ಎರಡೂ ಕಡೆ ಹರಡಿತು. ಮೂರು ನಮೂನಿ ಆಂಟಿಬಯಾಟಿಕ್ ನಡದಾವ. ಕಲ್ಚರ್ ಏನೂ ಬಂದಿಲ್ಲ. ಕೈಗೆ ಸಲಾಯಿನ್ ಸೂಜಿ ಚುಚ್ಚಿದ ಜಾಗದಾಗೂ ಕೀವು ಗುಳ್ಳಿ ಎದ್ದಾವ. ನಾಳೆ ಮತ್ತ ಓಟಿಗೆ ಒಯ್ತಾರಂತ.

ಡಾಕ್ಟರ್: ಬಿಪಿ ಹೆಂಗದ? ಮಾತಾಡತಾಳೇನು, ಮಂಪರು ಅದನು? ಗಾಯದ ಸುತ್ತ ಒತ್ತಿದ್ರ ಚರ್ಮದ ಕೆಳಗ ಚರಚರ ಅಂತದನು? ಚರ್ಮ ಕರ್ರಗಾಗಿ ಮುಟ್ಟಿದ್ದು ಗೊತ್ತಾಗೂದಿಲ್ಲ ಅಂತಾಳೇನು?

ಬೈಲಹೊಂಗಲ: ಬಿಪಿ 110/70 ಅಂದ್ರು. ಚಲೋ ಮಾತಾಡತಾಳ. ಚರಚರ ಇಲ್ಲ. ಮುಟ್ಟಿದ್ರ ಭಾಳ ನೋವು, ಅಂಚು ನೀಲಿ ಐತಿ.

ಡಾಕ್ಟರ್: ಆ ನಾಕು ಪ್ರಶ್ನಿ ಯಾಕ ಕೇಳಿದೆ ಅಂದ್ರ, ನೆಕ್ರೋಟೈಸಿಂಗ್ ಫ್ಯಾಸೈಟಿಸ್ ಅನ್ನೂ ಸೋಂಕು ಪಯೋಡರ್ಮಾದಂಗ ಕಾಣತದ. ಅದಕ್ಕ ಕೊಯ್ಯೂದು ಒಂದ ದಾರಿ, ತಾಸುಗಟ್ಟಲೆ ತಡ ಆದ್ರ ಜೀವ ಹೋಗತದ. ಪಯೋಡರ್ಮಾ ಕೊಯ್ದ್ರ ಹರಡತದ. ಎರಡರ ಔಷಧ ಒಂದಕ್ಕೊಂದು ತದ್ವಿರುದ್ಧ. ಅದಕ್ಕ ನಾ ಇಲ್ಲಿ ಕೂತು "ಓಟಿ ಬ್ಯಾಡ" ಅಂತ ಹೇಳೂದಿಲ್ಲ, ನೀವೂ ಹಂಗ ಹೇಳಿ ಪೇಶಂಟ್‌ನ ಮನಿಗೆ ಒಯ್ಯಬ್ಯಾಡ್ರಿ.

ಆದ್ರ ಸೂಜಿ ಚುಚ್ಚಿದಲ್ಲೆಲ್ಲಾ ಕೀವು ಗುಳ್ಳಿ ಏಳೂದು ಬರೇ ಹೊಲಿಗಿ ಸೋಂಕಿನ ಲಕ್ಷಣ ಅಲ್ಲ. ಅಲ್ಲಿಯ ಡಾಕ್ಟರಿಗೆ ಈ ಮಾತನ್ನ ಮೊದಲು ಹೇಳ್ರಿ, ಆ ಗುಳ್ಳಿ ತೋರಸ್ರಿ. ಆಪರೇಶನ್ ಆದ ಮ್ಯಾಲೆ ಬರೂ ಪಯೋಡರ್ಮಾ ಗ್ಯಾಂಗ್ರಿನೋಸಮ್ ಎರಡು ವಾರದೊಳಗ ಹಿಂಗ ಜ್ವರ, ಏರಿದ ಬಿಳಿ ರಕ್ತಕಣ ತಗೊಂಡು ಬರತದ, ಅದಕ್ಕ ಎಲ್ಲಾರೂ ಸೋಂಕು ಅಂತ ತಿಳೀತಾರ. ಇವತ್ತ ರಾತ್ರಿನ ಚರ್ಮರೋಗದವರು ಹಾಸಿಗಿ ಹತ್ರ ಬಂದು ನೋಡಬೇಕು. ಓಟಿಗೆ ಒಯ್ಯೂದ ಆದ್ರ ಅಂಚಿನ ಆಳದ ತುಣುಕು ಎರಡು ಬಾಟಲಿಗೆ, ಮ್ಯಾಲ ಬರದಂಗ. ಒಳಗಿನ ಪದರು, ಫ್ಯಾಸಿಯಾ ಮತ್ತು ಸ್ನಾಯು, ಚಲೋ ಅದನೋ ಸತ್ತದನೋ ಅಂತ ಸರ್ಜನ್ ಕಣ್ಣಾರೆ ನೋಡಿ ಬರೀಬೇಕು. ಫ್ಯಾಸಿಯಾ ಚಲೋ ಇದ್ದು ಮ್ಯಾಲಿನ ಚರ್ಮ, ಕೊಬ್ಬು ಅಷ್ಟ ಕರಗಿದ್ರ ಫ್ಯಾಸೈಟಿಸ್ ಸಂಶಯ ಭಾಳ ಕಡಿಮಿ ಆಗತದ. ಸ್ಟೀರಾಯ್ಡ್ ಶುರು ಮಾಡಿದ್ರೂ ಕಲ್ಚರ್ ಪೂರಾ ಬರೂಮಟ ಆಂಟಿಬಯಾಟಿಕ್ ನಿಲ್ಲಸಬಾರದು. ಬ್ಯಾಡದ ಸೂಜಿ ಚುಚ್ಚೂದು ಕಡಿಮಿ ಮಾಡ್ಲಿ, ದಿನಾ ನಾಕು ಸಲ ರಕ್ತ ತಗಿಯೂದ್ರ ಬದಲಿ ಒಂದ ಸಲದಾಗ ಎಲ್ಲಾ ಟ್ಯೂಬು ತುಂಬಿಕೊಳ್ಳಲಿ.

ಕೂಸಿಗೆ ಹಾಲು ಕುಡಸೂದು ಪ್ರೆಡ್ನಿಸೋಲೋನ್ ನಡದಾಗ ನಿಲ್ಲಸಬೇಕಿಲ್ಲ. ಬ್ಯಾರೆ ಔಷಧ ಕೊಟ್ರ ಕೇಳಿ ತಿಳಕೋರಿ.

ಬಿಪಿ ಬಿದ್ರ, ಮಂಪರು ಬಂದ್ರ, ಚರ್ಮ ಕರ್ರಗಾದ್ರ ಈ ಮಾತೆಲ್ಲಾ ಬದಿಗಿಟ್ಟು ಓಟಿ.

ಬೈಲಹೊಂಗಲ: ಆತ್ರಿ ಮೇಡಂ. ಈಗ ಹೊಂಟೀನಿ.

ಮುದ್ದೇಬಿಹಾಳ: ಬಾಣಂತಿಗೆ ಬೇವಿನ ಹೊಗಿ ಕೊಟ್ಟು, ಹೆಂಡಿ ಕುಳ್ಳಿನ ಬೂದಿ ಗಾಯಕ್ಕ ಉದರಸಿದ್ರ ಮೂರು ದಿನದಾಗ...

ಡಾಕ್ಟರ್: ಸಗಣಿ ಬೂದಿ ತೆರೆದ ಗಾಯಕ್ಕ ಹಾಕಿದ್ರ ಧನುರ್ವಾಯು ಬರಬಹುದು. ಅಡ್ಮಿನ್, ಇದನ್ನ ತಗೀರಿ. ಮೂರನೇ ಸಲ ಹೇಳೂದಿಲ್ಲ.

ಮುದ್ದೇಬಿಹಾಳ: ಒಳ್ಳೇದಕ್ಕ ಹೇಳಿದ್ರ ಹಿಂಗ. ಡಾಕ್ಟರ್ ಅಂದ ಮ್ಯಾಲ ಸಮಾಧಾನ ಬೇಕು.

ಚಿಕ್ಕೋಡಿ, ಶಿಕ್ಷಕಿ: ಸಮಾಧಾನ ಬಾಣಂತಿಗೆ ಬೇಕಾಗೈತಿ, ನಿಮಗಲ್ಲ.

ಅಡ್ಮಿನ್: ಮುದ್ದೇಬಿಹಾಳದವರ ಮೆಸೇಜ್ ತಗದೀನಿ. ಅವರಿಗೆ ಇವತ್ತು ಬರೀಲಿಕ್ಕೆ ಬರೂದಿಲ್ಲ.

ಸವದತ್ತಿ: ಹಂಗಾದ್ರ ನಾನೂ ಗ್ರೂಪ್ ಬಿಡತೀನಿ.

ರಾಯಬಾಗ: ಒಮ್ಮೆ ಮಾಯ್ದ ಮ್ಯಾಲ ಮತ್ತ ಬರತೈತೇನ್ರಿ?

ಡಾಕ್ಟರ್: ಬರಬಹುದು, ಅದಕ್ಕ ಗುಳಿಗಿ ತಿಂಗಳುಗಟ್ಟಲೆ ಮೆಲ್ಲಕ ಇಳಸೂದು. ಒಮ್ಮೆ ಬಂದವರು ಮುಂದ ಯಾವ ಆಪರೇಶನ್ ಇದ್ರೂ, ಹಲ್ಲು ತಗಸೂದಿದ್ರೂ ಮೊದಲ ಹೇಳಬೇಕು. ಚೀಟಿ ಮ್ಯಾಲ ದೊಡ್ಡದಾಗಿ ಬರಸಿ ಪಾಕೀಟಿನ್ಯಾಗ ಇಡ್ರಿ.

ರಾಮದುರ್ಗ: ಅಂಟು ರೋಗ...

ಡಾಕ್ಟರ್: ಅಲ್ಲ ಅಂತ ಎಷ್ಟು ಸಲ ಬರೀಲಿ?

ಜಮಖಂಡಿ (ಸೋಮವಾರ): ಮೇಡಂ, ಇವತ್ತು ಚರ್ಮರೋಗದವರು ಬಂದು ನೋಡಿದ್ರು. ಚರ್ಮ ಹಚ್ಚೂದು ಮುಂದ ಹಾಕ್ಯಾರ. ಆ ಎರಡೂ ಕಲ್ಚರ್ ಮ್ಯಾಲಿನ ರಸಿಗಿ ಒರಸಿ ಮಾಡಿದ್ದಂತ. ಇವತ್ತು ತುಣುಕು ತಗದು ಎರಡು ಬಾಟಲಿಗೆ ಹಾಕ್ಯಾರ. ಸಂಡಾಸಿನ್ಯಾಗ ಅಮೀಬಾ ಇಲ್ಲ. ಶುಕ್ರವಾರ ಕೊಲೊನೋಸ್ಕೋಪಿ. ಊಟ ಹೆಂಗ ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಕಬ್ಬಿಣದ ಗುಳಿಗಿ ನಡದಾವ.

ಡಾಕ್ಟರ್: ಕಬ್ಬಿಣದ ಗುಳಿಗಿ ಇವತ್ತ ನಿಲ್ಲಸ್ರಿ. ಕರುಳಿನ ಗೋಡಿಗೆ ಕಪ್ಪು ಹತ್ತಿ ಒಳಗ ಏನೂ ಕಾಣೂದಿಲ್ಲ. ಮಂಗಳವಾರದಿಂದ ಜ್ವಾಳದ ರೊಟ್ಟಿ, ಸೊಪ್ಪು, ಶೇಂಗಾ, ಕಾಳು ಬ್ಯಾಡ. ಮೆತ್ತಗಿನ ಬಿಳಿ ಅನ್ನ, ತಿಳಿ ಬ್ಯಾಳಿ ಕಟ್ಟು ನಡೀತದ. ಗುರುವಾರ ಪೂರಾ ದಿನ ತಿಳಿ ನೀರಿನಂಥಾದ್ದಷ್ಟ: ಎಳನೀರು, ಸೋಸಿದ ಸಾರಿನ ತಿಳಿ, ಹಾಲಿಲ್ಲದ ಚಾ. ಹಾಲು, ಮಜ್ಜಿಗಿ ತಿಳಿ ಅಲ್ಲ. ಹೊಟ್ಟಿ ತೊಳೂ ಪುಡಿ ಅವರು ಕೊಡ್ತಾರ, ಎಷ್ಟು ನೀರಿಗೆ, ಎಷ್ಟು ಗಂಟೆಗೆ ಅಂತ ಪಾಕೀಟಿನ ಮ್ಯಾಲ ಬರಸಿಕೋರಿ. ಕಡೀಕೆ ಹೋಗೂದು ತಿಳಿ ಹಳದಿ ನೀರಿನಂಗ ಇರಬೇಕು. ಗಟ್ಟಿ ಬರಾಕತ್ತಿದ್ರ ತಪಾಸಣಿ ವ್ಯರ್ಥ.

ಒಂದು ಮಾತು. ದಿನಕ್ಕ ಆರಕ್ಕಿಂತ ಹೆಚ್ಚು ಸಲ ರಕ್ತ ಹೋಗಾಕತ್ತಿದ್ರ, ಜ್ವರ ಇದ್ರ, ಹೊಟ್ಟಿ ಉಬ್ಬಿ ಬಿಗದಿದ್ರ ಆ ಪುಡಿ ಕುಡಸಬ್ಯಾಡ್ರಿ, ಮೊದಲ ಅವರಿಗೆ ತಿಳಸ್ರಿ. ಕರುಳು ಅಷ್ಟು ಕೆರಳಿದಾಗ ತೊಳಿಯೂದೂ ಅಪಾಯ, ಪೂರಾ ಸ್ಕೋಪ್ ಹಾಕೂದೂ ಅಪಾಯ. ಆಗ ಕೆಳಗಿನ ಭಾಗ ಅಷ್ಟ ನೋಡಿ ತುಣುಕು ತಗೀತಾರ. ಎಷ್ಟು ಸಲ ಹೋದಳು ಅಂತ ಇವತ್ತಿಂದ ಬರದಿಡ್ರಿ.

ಜಮಖಂಡಿ: ನಿನ್ನೆ ನಾಕು ಸಲ್ರಿ. ಜ್ವರ ಇಲ್ಲ.

ಡಾಕ್ಟರ್: ಹಂಗಾದ್ರ ನಡೀಲಿ. ಬಯಾಪ್ಸಿ ರಿಪೋರ್ಟ್ ಬಂದ ಮ್ಯಾಲ ಗ್ರೂಪಿನ್ಯಾಗ ಹಾಕಬ್ಯಾಡ್ರಿ, ಅಲ್ಲಿಯ ಡಾಕ್ಟರ್ ಮುಂದ ಇಡ್ರಿ.